ಬಿಟ್ಟ ಮೇಲೂ ಬಿಡದ ಬಯಕೆ

ಭಾನುವಾರದ ಎರಡನೇ ಪೂಜೆ ಮುಗಿದು ಜನ ಚದುರಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಒಬ್ಬರು ನನಗಾಗಿ ಕಾದಿದ್ದರು. ವಯಸ್ಸು ಐವತ್ತು ದಾಟಿದೆ. ಮೂವತ್ತು ವರ್ಷ ದಿನಕ್ಕೊಂದು ಪ್ಯಾಕು ಸಿಗರೇಟು ಸೇದಿದವರು. ವೈದ್ಯರು ಬರೆದುಕೊಟ್ಟ ವರೆನಿಕ್ಲಿನ್ ಮಾತ್ರೆಯನ್ನು 12 ವಾರ ನುಂಗಿ ಆ ಚಟ ಬಿಟ್ಟಿದ್ದರು. ಬಿಟ್ಟು ಎಂಟು ತಿಂಗಳಾಗಿತ್ತು.

"ಫಾದರ್, ಒಂದೂ ಸೇದಿಲ್ಲ. ಆದರೆ ನಿನ್ನೆ ರೋಸಿನ ಊಟ ಮುಗಿಸಿ ಅಂಗಳಕ್ಕಿಳಿದೆ, ಕೈ ತಾನಾಗಿಯೇ ಜೇಬಿಗೆ ಹೋಯಿತು. ಮಾತ್ರೆ ಕೆಲಸ ಮಾಡಲಿಲ್ಲವೋ, ನನ್ನ ಮನಸ್ಸೇ ಗಟ್ಟಿಯಿಲ್ಲವೋ?"

ಎರಡೂ ಅಲ್ಲ. ಆದರೆ ಹೀಗೆ ಕೇಳುವವರು ಅವರೊಬ್ಬರೇ ಅಲ್ಲವಾದ್ದರಿಂದ ಉತ್ತರವನ್ನು ತುಸು ಬಿಡಿಸಿ ಹೇಳಬೇಕಾಗಿದೆ.

ಹೊಗೆ ಒಳಗೆಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮೆದುಳನ್ನು ಸೇರಿ, ಅಲ್ಲಿ ತನಗೆ ಹೊಂದುವ ತಾಣಗಳಲ್ಲಿ ಕುಳಿತು, ಹಿತಾನುಭವಕ್ಕೆ ಕಾರಣವಾಗುವ ಡೋಪಮಿನ್ ಎಂಬ ದ್ರವ್ಯವನ್ನು ಸ್ರವಿಸುವಂತೆ ಮಾಡುತ್ತದೆ. 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವರೆನಿಕ್ಲಿನ್, ಅವೇ ತಾಣಗಳನ್ನು ತಾನು ಆಕ್ರಮಿಸಿ, ಅರ್ಧದಷ್ಟೇ ಪ್ರಚೋದನೆ ನೀಡುತ್ತದೆ. ಇದರಿಂದ ದೇಹದ ಚಡಪಡಿಕೆ ತಗ್ಗುತ್ತದೆ. ನಡುವೆ ಸೇದಿದರೂ ಹಿಂದಿನ ಸುಖ ಸಿಗುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆದರೆ ನೆನಪನ್ನು ಅಳಿಸುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಒಂದು ಸಿಗರೇಟಿಗೆ ಹತ್ತು ದಮ್ಮು ಎಂದಿಟ್ಟುಕೊಂಡರೂ ದಿನಕ್ಕೆ 200, ಮೂವತ್ತು ವರ್ಷಕ್ಕೆ ಸುಮಾರು 22 ಲಕ್ಷ. ಇಷ್ಟು ಸಲ ಊಟದ ನಂತರ, ಚಹಾದೊಡನೆ, ಬಸ್ಸಿಗೆ ಕಾಯುವಾಗ, ದುಃಖದಲ್ಲಿ, ಸಂಭ್ರಮದಲ್ಲಿ ಕೈ ಬಾಯಿಗೆ ಹೋಗಿದೆ. ನಿಕೋಟಿನ್ ಇಲ್ಲದ ದೈಹಿಕ ತೊಳಲಾಟ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸ್ಥಳ, ವಾಸನೆ, ಸಂಗಾತಿಗಳು ಕೆರಳಿಸುವ ಬಯಕೆ ತಿಂಗಳುಗಳ, ಕೆಲವರಲ್ಲಿ ವರ್ಷಗಳ ನಂತರವೂ ತಲೆಯೆತ್ತೀತು. ಮನೆಮನೆಯಲ್ಲಿ ಬೀಡಿ ಕಟ್ಟುವ ನಮ್ಮ ಕರಾವಳಿಯಲ್ಲಂತೂ ಹೊಗೆಸೊಪ್ಪಿನ ವಾಸನೆಯಿಂದ ತಪ್ಪಿಸಿಕೊಳ್ಳುವುದೆಲ್ಲಿಗೆ?

ಅರಿಸ್ಟಾಟಲನು ನೀತಿಶಾಸ್ತ್ರದಲ್ಲಿ ಇಬ್ಬರನ್ನು ಬೇರ್ಪಡಿಸುತ್ತಾನೆ: ಕೆಟ್ಟ ಬಯಕೆಯಿದ್ದೂ ಅದಕ್ಕೆ ಮಣಿಯದವನು ಒಬ್ಬ, ಅಂತಹ ಬಯಕೆಯೇ ಇಲ್ಲದವನು ಇನ್ನೊಬ್ಬ. ಎರಡನೆಯವನೇ ಮೇಲು ಎಂಬುದು ಅವನ ಮತ. ನನಗೆ ಮಾತ್ರ ಮೊದಲನೆಯವನ ಮೇಲೆ ಹೆಚ್ಚು ಗೌರವ. ಬಹುಶಃ ಅಂಥವರನ್ನೇ ಹೆಚ್ಚು ಕಂಡಿರುವುದರಿಂದ. ಪಾಪ ಕ್ಷಮಿಸಲ್ಪಟ್ಟ ಮೇಲೂ ಹಿಂದಿನ ಕೃತ್ಯಗಳು ಬೆಳೆಸಿದ ಒಲವು ಬಲಗುಂದಿ ಉಳಿಯಬಹುದೆಂದು ಸಂತ ಥಾಮಸ್ ಅಕ್ವಿನಾಸರೂ ಹೇಳುತ್ತಾರೆ. ಉಳಿದಿರುವುದು ಸೋಲಿನ ಗುರುತಲ್ಲ.

ಬಿಟ್ಟವರಿಗೆ ಸಿಗರೇಟು ಸೇದಿದಂತೆ ಕನಸು ಬೀಳುವುದೂ ಸಾಮಾನ್ಯ. ಅದನ್ನು ಪಾಪನಿವೇದನೆಯಲ್ಲಿ ಹೇಳಬೇಕಾಗಿಲ್ಲ, ನಿದ್ರೆಯಲ್ಲಿ ಸಮ್ಮತಿಯಿಲ್ಲ.

ಇನ್ನು ಉಪಾಯ. ಬಯಕೆಯ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳದು. ಆ ಹೊತ್ತು ಜಾಗ ಬದಲಿಸಿ, ಕೈಗೆ ಕೆಲಸ ಕೊಡಿ. 12 ವಾರದಲ್ಲಿ ಬಿಟ್ಟವರಿಗೆ ಇನ್ನೂ 12 ವಾರ ಮಾತ್ರೆ ಮುಂದುವರಿಸುವ ಕ್ರಮವಿದೆ. ಮಾತ್ರೆ ನಿಲ್ಲಿಸಿದವರಿಗೆ ಬಯಕೆ ಮರಳಿದರೆ ಏನು ಮಾಡಬೇಕೆಂಬುದನ್ನು ವೈದ್ಯರು ನಿರ್ಧರಿಸಬೇಕು, ಪಕ್ಕದ ಮನೆಯವರಲ್ಲ. ನಿಕೋಟಿನ್ ಗಮ್ ಬಳಸುವವರು ಅದನ್ನು ಮಕ್ಕಳ ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಾಲ್ಕಾರು ಸಲ ನಿಧಾನವಾಗಿ ಜಗಿದು, ಚುರುಕು ಹುಟ್ಟಿದೊಡನೆ ಕೆನ್ನೆಯ ಒಳಮಗ್ಗುಲಲ್ಲಿ ಇಟ್ಟುಕೊಳ್ಳಬೇಕು. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಕೇಂದ್ರ ಸರಕಾರದ ತಂಬಾಕು ತ್ಯಜನ ಸಹಾಯವಾಣಿ 1800-11-2356, ಕರೆಗೆ ಶುಲ್ಕವಿಲ್ಲ. ಯಾರಾದರೂ ಎಡವಿ ಒಂದು ಸೇದಿದರೆ, ಮನೆಯವರು ದಯವಿಟ್ಟು "ನಾನು ಹೇಳಿರಲಿಲ್ಲವೇ" ಎನ್ನಬೇಡಿ. ಎಂಟು ತಿಂಗಳ ಶ್ರಮವನ್ನು ಒಂದು ಸಿಗರೇಟು ಕಸಿಯದಿದ್ದರೂ ಆ ಮಾತು ಕಸಿದೀತು.

ಇಷ್ಟನ್ನೂ ಕೇಳಿದ ಆ ಮಹಾಶಯರು, "ಬರುವ ವಾರ ತಂಗಿಯ ಮಗಳ ರೋಸ್ ಇದೆ, ಹೋಗಲೋ ಬೇಡವೋ?" ಎಂದರು. ಹೋಗಿ, ಊಟವಾದೊಡನೆ ಅಂಗಳಕ್ಕಿಳಿಯದೆ ಎರಡನೇ ಪಂಕ್ತಿಗೆ ಬಡಿಸಲು ನಿಲ್ಲಿ ಎಂದೆ. "ಬಡಿಸಿ ಅಭ್ಯಾಸವಿಲ್ಲ ಫಾದರ್" ಎಂದು ನಕ್ಕರು.