ಆಕಾಶದಲ್ಲಿ ಅಪರಿಚಿತ ವಸ್ತು ಕಂಡುಬಂದಾಗ: ಸಾರ್ವಜನಿಕರ ಮಾಹಿತಿಗಾಗಿ

ಜನವರಿ 2025ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದ ಮನೆಯೊಂದರ ಮೇಲೆ ಬೃಹತ್ ಬಲೂನು ಉಪಕರಣ ಸಹಿತ ಬಿದ್ದು, ಗ್ರಾಮಸ್ಥರು ಆತಂಕಗೊಂಡಿದ್ದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದಿಂದ ಹಾರಿಬಿಡಲಾದ ವೈಜ್ಞಾನಿಕ ಬಲೂನು ಎಂಬುದು ಬಳಿಕ ತಿಳಿದುಬಂದಿತು.

ತೆಳುವಾದ ಪಾಲಿಥೀನ್ ಹಾಳೆಯಿಂದ ತಯಾರಿಸಿ ಜಲಜನಕ ತುಂಬಿದ ಇಂತಹ ಬಲೂನುಗಳು 30ರಿಂದ 42 ಕಿ.ಮೀ. ಎತ್ತರಕ್ಕೆ ಏರುತ್ತವೆ. ಸೂರ್ಯಾಸ್ತದ ನಂತರ ನೆಲದಲ್ಲಿ ಕತ್ತಲಾದರೂ ಆ ಎತ್ತರದಲ್ಲಿ ಬಿಸಿಲಿರುವುದರಿಂದ ಅವು ನಕ್ಷತ್ರದಂತೆ ಹೊಳೆಯುತ್ತವೆ. ಪ್ರಯೋಗ ಮುಗಿದ ಬಳಿಕ ಉಪಕರಣಗಳು ಪ್ಯಾರಾಚೂಟ್ ಮೂಲಕ ಕೆಳಗಿಳಿಯುತ್ತವೆ.

ಪರಿಶೀಲನೆಯ ಕ್ರಮ

ಉದಾಹರಣೆಗೆ, ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ವರದಾ ನದಿ ದಂಡೆಯ ಹೊಲದಿಂದ ರೈತರೊಬ್ಬರು ರಾತ್ರಿ ವಿಚಿತ್ರ ಬೆಳಕನ್ನು ಕಂಡರೆಂದು ಭಾವಿಸೋಣ. ಅವರು ಈ ಕೆಳಕಂಡ ಅಂಶಗಳನ್ನು ಕೂಡಲೇ ಬರೆದಿಡುವುದು ಸೂಕ್ತ:

1. ದಿನಾಂಕ, ವೇಳೆ ಹಾಗೂ ಕಾಣಿಸಿಕೊಂಡ ಅವಧಿ.
2. ದಿಕ್ಕು ಮತ್ತು ಎತ್ತರ. ಕೈಯನ್ನು ನೇರವಾಗಿ ಚಾಚಿದಾಗ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.
3. ಬಣ್ಣ, ಶಬ್ದ, ಚಲನೆ.
4. ಜೊತೆಯಲ್ಲಿ ನೋಡಿದವರ ಹೇಳಿಕೆ. ಪ್ರತಿಯೊಬ್ಬರೂ ಪರಸ್ಪರ ಚರ್ಚಿಸುವ ಮುನ್ನವೇ ಪ್ರತ್ಯೇಕವಾಗಿ ಬರೆಯುವುದು ಒಳಿತು.

ಈ ವಿವರಗಳನ್ನು ತಿಳಿದಿರುವ ಕಾರಣಗಳೊಂದಿಗೆ ಹೋಲಿಸಲಾಗುತ್ತದೆ. ಸಂಜೆ ಪಶ್ಚಿಮದಲ್ಲಿ ನಿಂತಂತೆ ಹೊಳೆದು ನಿಧಾನವಾಗಿ ಮುಳುಗುವುದು ಶುಕ್ರಗ್ರಹವಿರಬಹುದು. ಮಿಟುಕದೆ ಕೆಲವೇ ನಿಮಿಷಗಳಲ್ಲಿ ದಾಟುವುದು ಬಾಹ್ಯಾಕಾಶ ನಿಲ್ದಾಣವಿರಬಹುದು. ಸಾಲುದೀಪದಂತೆ ಚಲಿಸುವುದು 2019ರಿಂದ ಉಡಾವಣೆಯಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳಾಗಿರಬಹುದು. ಕ್ಷಣಮಾತ್ರದಲ್ಲಿ ಮರೆಯಾಗುವುದು ಉಲ್ಕೆ.

ಗುರುತು ಸಿಗದಿದ್ದಲ್ಲಿ

ಅಮೆರಿಕದ ವಾಯುಪಡೆಯು 1947ರಿಂದ 1969ರವರೆಗೆ ನಡೆಸಿದ ತನಿಖೆಯಲ್ಲಿ 12,618 ವರದಿಗಳ ಪೈಕಿ 701 ಮಾತ್ರ ಗುರುತಿಸಲಾಗದೆ ಉಳಿದವು. ಗುರುತಿಸಲಾಗಿಲ್ಲ ಎಂದರೆ ಅನ್ಯಗ್ರಹದಿಂದ ಬಂದಿದೆ ಎಂದು ಅರ್ಥವಲ್ಲ. ನಿರ್ಣಯಕ್ಕೆ ಬರಲು ಮಾಹಿತಿ ಸಾಲದೆಂದಷ್ಟೇ ಅರ್ಥ. ಆದ್ದರಿಂದ ನೋಡಿದವರನ್ನು ಅಪಹಾಸ್ಯ ಮಾಡುವುದು ತರವಲ್ಲ. ನಗೆಪಾಟಲಾಗುವ ಭಯದಿಂದ ಸುಮ್ಮನಿರುವವರಿಂದ ಅಗತ್ಯ ಮಾಹಿತಿಯೂ ದೊರೆಯುವುದಿಲ್ಲ.

ಎಚ್ಚರಿಕೆ

ನೆಲಕ್ಕೆ ಬಿದ್ದ ವಸ್ತುವನ್ನು ಮುಟ್ಟುವುದಾಗಲಿ, ಬಿಚ್ಚುವುದಾಗಲಿ, ಅದರ ಬಳಿ ಬೆಂಕಿ ಹಚ್ಚುವುದಾಗಲಿ ಮಾಡಬಾರದು. ವೈಜ್ಞಾನಿಕ ಉಪಕರಣಗಳಲ್ಲಿ ಅಧಿಕ ವೋಲ್ಟೇಜಿನ ವಿದ್ಯುತ್ ಇರುವ ಸಂಭವವಿದೆ. ಅಲ್ಲದೆ, ಕೆದಕಿದಲ್ಲಿ ಸಂಗ್ರಹವಾದ ಮಾಹಿತಿ ನಾಶವಾಗುತ್ತದೆ. ಮಕ್ಕಳನ್ನು ದೂರವಿರಿಸಿ, ಸಮೀಪದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸಿ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.