ನೀಲ ಕರಾವಳಿಗೆ ಯಾವಾಗ ಹೋಗಬೇಕು?

ಯೂರೋಪಿಗೆ ಹೊರಡುವ ನಮ್ಮವರು ಮೊದಲು ನೋಡುವುದು ವಿಮಾನದ ದರ, ಆಮೇಲೆ ಮಕ್ಕಳ ಶಾಲೆಯ ರಜೆ. ಅಲ್ಲಿನ ಋತುವಿನ ಯೋಚನೆ ಬರುವುದು ಪೆಟ್ಟಿಗೆ ಕಟ್ಟುವ ದಿನ, ಸ್ವೆಟರು ಬೇಕೋ ಬೇಡವೋ ಎಂದು ಮನೆಯಾಕೆ ಕೇಳಿದಾಗ. ಪ್ಯಾರಿಸಿಗೋ ಲಂಡನ್ನಿಗೋ ಹೋಗುವವರಿಗೆ ಇದರಿಂದ ಬಹಳ ನಷ್ಟವಿಲ್ಲ. ಮ್ಯೂಸಿಯಮ್ಮಿಗೆ ಸೂರು ಇದೆ. ಆದರೆ ಭೂಮಧ್ಯ ಸಮುದ್ರದ ದಂಡೆಗೆ ಹೋಗುವುದೇ ಬಿಸಿಲಿಗಾಗಿ, ಗಾಳಿಗಾಗಿ, ನೀರಿಗಾಗಿ. ಅಲ್ಲಿ ತಿಂಗಳು ತಪ್ಪಿದರೆ ಪ್ರವಾಸವೇ ತಪ್ಪಿದಂತೆ. ಫ್ರಾನ್ಸಿನ ಆಗ್ನೇಯ ಮೂಲೆಯ ಕರಾವಳಿಯನ್ನೇ ತೆಗೆದುಕೊಳ್ಳೋಣ. ಕಾನ್, ಆಂತೀಬ್, ನೀಸ್, ನಡುವೆ ಪುಟ್ಟ ಮೊನಾಕೊ ಸಂಸ್ಥಾನ, ಇಟಲಿಯ ಗಡಿಗೆ ತಾಗಿದ ಮಾಂತೋಂ, ಇಷ್ಟು ಊರುಗಳ ಸಾಲು ಅದು. ಸ್ತೆಫಾನ್ ಲಿಯೆಜಾರ್ ಎಂಬ ಲೇಖಕ 1887ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದಕ್ಕೆ ‘ನೀಲ ಕರಾವಳಿ’ ಎಂಬರ್ಥದ ಹೆಸರಿಟ್ಟ. ಆ ಹೆಸರೇ ನಿಂತಿತು.

ನಮ್ಮ ದಕ್ಷಿಣ ಕನ್ನಡ, ಉತ್ತರ ಕನ್ನಡದ ಕರಾವಳಿಯಿಂದ ಬಂದವರು ಅಲ್ಲಿನ ಹವೆಯನ್ನು ಅರಿಯಬೇಕಾದರೆ ತಮ್ಮೂರಿನ ಪಂಚಾಂಗವನ್ನು ತಲೆಕೆಳಗು ಮಾಡಿಕೊಂಡರೆ ಸಾಕು. ನಮ್ಮಲ್ಲಿ ಆಷಾಢ ಶ್ರಾವಣಗಳಲ್ಲಿ ಮಳೆ ಜಡಿಯುತ್ತಿರುವಾಗ ಅಲ್ಲಿ ಆಕಾಶ ಬರಿದು. ನಮ್ಮಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಅಲ್ಲಿ ಮೋಡ ಕಟ್ಟುತ್ತದೆ. ನೀಸಿನಲ್ಲಿ ವರ್ಷಕ್ಕೆಲ್ಲ ಬೀಳುವ ಮಳೆ 700 ಮಿಲಿಮೀಟರಿಗಿಂತ ತುಸು ಹೆಚ್ಚು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುತ್ತದೆ. ಈ ಎರಡು ಸೀಮೆಗಳಿಗೆ ದೂರದ ನಂಟೂ ಒಂದು ಉಂಟು. ನಮ್ಮ ಮಾನ್ಸೂನಿನಲ್ಲಿ ಮೇಲೇರುವ ಗಾಳಿಯ ಪ್ರಭಾವದಿಂದಲೇ ಭೂಮಧ್ಯ ಸಮುದ್ರದ ಪೂರ್ವಭಾಗದ ಮೇಲೆ ಗಾಳಿ ಕೆಳಗಿಳಿದು ಅಲ್ಲಿನ ಬೇಸಗೆ ಒಣಗುತ್ತದೆಂದು ರಾಡ್ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು 1996ರಲ್ಲಿ ತೋರಿಸಿಕೊಟ್ಟರು. ಕೊಡೆ ಹಿಡಿದು ನಾವು ನಿಂತಿರುವಾಗ ಗ್ರೀಸಿನವರು ಕೊಡೆ ಮರೆತಿರುವುದಕ್ಕೆ ನಾವೂ ಸ್ವಲ್ಪ ಕಾರಣರೆನ್ನಬಹುದು.

ಈಗ ಜಗತ್ತೆಲ್ಲ ಆ ಕರಾವಳಿಯನ್ನು ಬೇಸಗೆಯ ಊರೆಂದು ತಿಳಿದಿದೆ. ಆದರೆ ಅದನ್ನು ಪ್ರಸಿದ್ಧಿಗೆ ತಂದದ್ದು ಚಳಿಗಾಲ. ಇಂಗ್ಲೆಂಡಿನ ಮಂಜು ಹೊಗೆಗಳಿಂದ ಎದೆ ಕೆಟ್ಟ ಶ್ರೀಮಂತರು ಅಕ್ಟೋಬರಿನಲ್ಲಿ ಬಂದು ಏಪ್ರಿಲಿನಲ್ಲಿ ಹಿಂದಿರುಗುತ್ತಿದ್ದರು. ಸ್ಮಾಲೆಟ್ ಎಂಬ ಕಾದಂಬರಿಕಾರ, ಸ್ವತಃ ವೈದ್ಯ, 1763ರ ಕೊನೆಯಲ್ಲಿ ನೀಸಿಗೆ ಬಂದು ಒಂದೂವರೆ ವರ್ಷ ತಂಗಿ, ದಿನದಿನದ ಹವೆಯನ್ನು ಪಟ್ಟಿ ಮಾಡಿ ತನ್ನ ಪ್ರವಾಸ ಗ್ರಂಥದ ಜೊತೆಗೇ ಅಚ್ಚು ಹಾಕಿಸಿದ. ಮೇ ತಿಂಗಳಲ್ಲಿ ಆತ ಸಮುದ್ರಕ್ಕಿಳಿದು ಸ್ನಾನ ಮಾಡಿದ್ದು ಊರವರಿಗೆ ದೊಡ್ಡ ಸೋಜಿಗವಾಯಿತಂತೆ. ದಂಡೆಯುದ್ದಕ್ಕೂ ಸಾಗುವ ಪ್ರಸಿದ್ಧ ವಿಹಾರಮಾರ್ಗ 1820ರ ದಶಕದಲ್ಲಿ ಇಂಗ್ಲಿಷರ ಚಂದಾಹಣದಿಂದ ಆರಂಭವಾದದ್ದು. ಇಂದಿಗೂ ಅದರ ಹೆಸರು ‘ಇಂಗ್ಲಿಷರ ಹಾದಿ’ ಎಂದೇ. 1864ರಲ್ಲಿ ರೈಲು ಬಂದ ಮೇಲೆ ಕೇಳಬೇಕೆ? ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ವಸಂತಕಾಲವನ್ನು ನೀಸಿನ ಸಿಮಿಯೇ ಗುಡ್ಡದ ಮೇಲೆ ಕಳೆದಳು. ಅವಳ ಪರಿವಾರದಲ್ಲಿ ಅವಳಿಗೆ ಉರ್ದು ಕಲಿಸುತ್ತಿದ್ದ ಮುನ್ಷಿ ಅಬ್ದುಲ್ ಕರೀಮನೂ ಬಂದಿದ್ದ. ಬೇಸಗೆ ಬಂತೆಂದರೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದುವು. 1923ರಲ್ಲಿ ಮರ್ಫಿ ಎಂಬ ಅಮೆರಿಕನ್ ದಂಪತಿಗಳು ಆಂತೀಬಿನ ಹೋಟೆಲೊಂದನ್ನು ಬೇಸಗೆಯಲ್ಲೂ ತೆರೆದಿಡಲು ಒಪ್ಪಿಸಿದರು. 1936ರಲ್ಲಿ ಫ್ರೆಂಚ್ ಕೆಲಸಗಾರರಿಗೆ ಸಂಬಳಸಹಿತ ರಜೆಯ ಕಾನೂನಾಯಿತು. ಅಲ್ಲಿಂದ ಋತು ತಿರುಗಿತು. ಯುನೆಸ್ಕೊ 2021ರಲ್ಲಿ ನೀಸನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಮಾತ್ರ ಚಳಿಗಾಲದ ವಿಹಾರನಗರವೆಂದೇ.

ಇನ್ನು ನಮ್ಮ ಮಾತಿಗೆ ಬರೋಣ. ಮಕ್ಕಳು ಯೂರೋಪಿನಲ್ಲಿ ಉದ್ಯೋಗಕ್ಕೆ ನಿಂತ ಮನೆಗಳು ನಮ್ಮ ಸಂಘದಲ್ಲಿಯೂ ಈಗ ಕಡಮೆಯಲ್ಲ. “ಆಗಸ್ಟಿನಲ್ಲಿ ನನಗೆ ರಜೆ, ಅಪ್ಪ ಅಮ್ಮ ಇಬ್ಬರೂ ಬನ್ನಿ, ಸಮುದ್ರದ ಊರಿಗೆ ಹೋಗೋಣ” ಎಂದು ಮಗ ಕರೆಯುತ್ತಾನೆ. ಕರೆಯುವುದು ಪ್ರೀತಿಯಿಂದಲೇ, ಆದರೆ ಆಗಸ್ಟು ಹಿರಿಯರ ತಿಂಗಳಲ್ಲ. ನೀಸಿನ ಸರಾಸರಿ ಗರಿಷ್ಠ ಉಷ್ಣತೆ ಆಗ 28 ಡಿಗ್ರಿ ಎಂದು ಓದಿ, “ಇದೇನು, ನಮ್ಮ ನಾಗಪುರದ ಮುಂದೆ ಹೈದರಾಬಾದಿನ ಮುಂದೆ” ಎಂದು ನಗುವವರಿದ್ದಾರೆ. ಸರಾಸರಿಯೇ ಬೇರೆ, ಬಿಸಿಗಾಳಿಯ ವಾರವೇ ಬೇರೆ. ರಾತ್ರಿಯೂ ಸೆಖೆ ಇಳಿಯದು. ಹಳೆಯ ಮನೆಗಳಲ್ಲಿ ಸೂರಿಗೆ ಫ್ಯಾನಿಲ್ಲ, ಎಷ್ಟೋ ಕಡೆ ಲಿಫ್ಟೂ ಇಲ್ಲ. 2003ರ ಆಗಸ್ಟಿನ ಬಿಸಿಗಾಳಿಯಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 15,000 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ವೃದ್ಧರು. ಅಂಥ ಬಿಸಿಗಾಳಿ ಈಗ ಅಪರೂಪವಲ್ಲ. ಇದರ ಮೇಲೆ ಇಡೀ ಫ್ರಾನ್ಸೇ ಆಗಸ್ಟಿನಲ್ಲಿ ದಂಡೆಗೆ ಇಳಿಯುತ್ತದೆ. ಹೋಟೆಲಿನ ದರ ಏರುತ್ತದೆ, ಟವೆಲು ಹಾಸಲು ಜಾಗ ಸಿಗದು. ಎಳೆಯರಿಗೆ ಈಜುವುದೊಂದೇ ಗುರಿಯಾದರೆ ಹೋಗಲಿ, ನೀರು ಆಗ 24–25 ಡಿಗ್ರಿ ಇರುತ್ತದೆ.

ನಾನು ವಿಶೇಷವಾಗಿ ಎಚ್ಚರಿಸಬೇಕೆಂದಿರುವುದು ದೀಪಾವಳಿಯ ರಜೆಯ ಬಗ್ಗೆ. ಮುಂಬಯಿ, ಪುಣೆಯ ನಮ್ಮ ಕುಟುಂಬಗಳಿಗೆ ಅದು ಅನುಕೂಲ, ಅಲ್ಲಿನ ಹೋಟೆಲುಗಳೂ ಆಗ ಅಗ್ಗ. ಅಗ್ಗವಾಗುವುದು ಸುಮ್ಮನೆ ಅಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳೇ ಆ ಕರಾವಳಿಯ ಅತಿ ಹೆಚ್ಚು ಮಳೆಯ ತಿಂಗಳುಗಳು. ಬೇಸಗೆಯಿಡೀ ಕಾದ ಸಮುದ್ರ ಆವಿಯನ್ನು ಕೊಡುತ್ತದೆ, ಬೆನ್ನಿಗೇ ನಿಂತ ಆಲ್ಪ್ಸ್ ಬೆಟ್ಟ ಮೋಡವನ್ನು ತಡೆಯುತ್ತದೆ, ಒಮ್ಮೆಗೇ ಸುರಿಯುತ್ತದೆ. ನಮ್ಮ ಸೋನೆಯಂತೆ ದಿನಗಟ್ಟಲೆ ಹಿಡಿಯುವ ಮಳೆಯಲ್ಲ ಅದು. 2015ರ ಅಕ್ಟೋಬರ್ 3ರ ರಾತ್ರಿ ಕಾನ್ ಸುತ್ತಮುತ್ತ ಕೆಲವೇ ಗಂಟೆಗಳ ಮಳೆಗೆ ಹಳ್ಳಗಳು ಬೀದಿಗೆ ನುಗ್ಗಿ ಇಪ್ಪತ್ತು ಜನ ಸತ್ತರು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರನ್ನು ಉಳಿಸಿಕೊಳ್ಳಲು ಹೋದವರೂ ಅವರಲ್ಲಿದ್ದರು. 2020ರ ಅಕ್ಟೋಬರಿನ ಬಿರುಗಾಳಿ ನೀಸಿನ ಹಿಂದಿನ ಕಣಿವೆಗಳಲ್ಲಿ ಮನೆ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಯಿತು. ಎಲ್ಲ ವರ್ಷವೂ ಹೀಗಾಗದು, ನಿಜ. ಆದರೂ ಮಕ್ಕಳನ್ನು ಕಟ್ಟಿಕೊಂಡು ಐದು ದಿನಕ್ಕೆಂದು ಹೋಗಿ ಮೂರು ದಿನ ಕಿಟಕಿಯಿಂದ ಮಳೆ ನೋಡುವುದಾದರೆ ಆಗುಂಬೆಗೇ ಹೋಗಬಹುದಿತ್ತು.

ಚಳಿಗಾಲ ಮುಗಿಯುವ ಫೆಬ್ರವರಿ ಹಾಗಲ್ಲ. ಹಗಲು 13–14 ಡಿಗ್ರಿ, ರಾತ್ರಿ ಐದಾರು. ದೆಹಲಿಯ ನಮ್ಮವರಿಗೆ ಇದು ಹೊಸದಲ್ಲ. ಸಮುದ್ರಕ್ಕೆ ಇಳಿಯುವಂತಿಲ್ಲ, ನೋಡಬಹುದು. ಆಸ್ಟ್ರೇಲಿಯದಿಂದ ಬಂದು ನೆಲೆಯೂರಿದ ಮಿಮೋಸಾ ಮರಗಳು ಆಗ ಬೆಟ್ಟವೆಲ್ಲ ಅರಸಿನ ಎರಚಿದಂತೆ ಹೂ ಬಿಡುತ್ತವೆ. ನೀಸಿನ ಕಾರ್ನಿವಲ್ ಉತ್ಸವ ಆಗಲೇ. ಮಾಂತೋಂ ಊರಿನಲ್ಲಿ ನಿಂಬೆ ಕಿತ್ತಳೆ ಹಣ್ಣುಗಳನ್ನೇ ಜೋಡಿಸಿ ಆಳೆತ್ತರಕ್ಕೂ ಮಿಗಿಲಾದ ಆಕೃತಿಗಳನ್ನು ಕಟ್ಟುವ ನಿಂಬೆಯ ಹಬ್ಬ 1934ರಿಂದ ನಡೆದುಬಂದಿದೆ. ಮಕ್ಕಳ ಶಾಲೆಯ ಗೊಡವೆಯಿಲ್ಲದ ನಿವೃತ್ತ ದಂಪತಿಗಳಿಗೆ ಇದು ಒಳ್ಳೆಯ ಕಾಲ, ಉತ್ಸವದ ಜನಜಂಗುಳಿ ಆಗುವುದಾದರೆ.

ಶಾಲಾಮಕ್ಕಳಿರುವವರಿಗೆ ಉಳಿಯುವುದು ಮೇ. ನಮ್ಮ ಬೇಸಗೆ ರಜೆಗೂ ಅಲ್ಲಿನ ಹಿತವಾದ ಹವೆಗೂ ಕೂಡಿಬರುವ ಏಕೈಕ ಕಾಲವಿದು. ಹಗಲು 20ರ ಮೇಲೆ, ಸಂಜೆ ಎಂಟಾದರೂ ಬೆಳಕು, ಗ್ರಾಸ್ ಊರಿನ ತೋಟಗಳಲ್ಲಿ ಅತ್ತರಿನ ಗುಲಾಬಿಯ ಕೊಯ್ಲು. ನೀರು ಮಾತ್ರ ಇನ್ನೂ 17–18 ಡಿಗ್ರಿ. ಸ್ಮಾಲೆಟ್ಟನ ಧೈರ್ಯವಿದ್ದವರು ಇಳಿಯಲಿ. ಒಂದು ಮುಖ್ಯ ವಿಷಯ: ಮೇ ಮಧ್ಯದಲ್ಲಿ ಕಾನ್ ಚಲನಚಿತ್ರೋತ್ಸವ, ಆಮೇಲೆ ಮೊನಾಕೊದ ಮೋಟಾರು ಪಂದ್ಯ. ಈ ಪಂದ್ಯ 2025ರವರೆಗೆ ಮೇ ಕೊನೆಯಲ್ಲಿ ನಡೆಯುತ್ತಿತ್ತು, 2026ರಿಂದ ಜೂನ್ ಮೊದಲ ವಾರಕ್ಕೆ ಸರಿದಿದೆ. ಆ ದಿನಗಳಲ್ಲಿ ಕೋಣೆಯ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಆದುದರಿಂದ ಮೇ ಮೊದಲ ವಾರವನ್ನೇ ಹಿಡಿಯುವುದು ಮೇಲು. ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು, ಜನವರಿಯಲ್ಲೇ ಹಾಕಿ.

ರಜೆಯ ಹಂಗಿಲ್ಲದೆ ನನ್ನನ್ನೇ ಕೇಳುವುದಾದರೆ ಸೆಪ್ಟೆಂಬರಿನ ಮೊದಲ ಮೂರು ವಾರಗಳನ್ನು ಹೇಳುತ್ತೇನೆ. ಫ್ರೆಂಚರ ಮಕ್ಕಳು ಶಾಲೆಗೆ ಮರಳಿರುತ್ತಾರೆ, ಬಿಸಿಲಿನ ಮೊನಚು ಕಳೆದಿರುತ್ತದೆ, ಸಮುದ್ರ ಮಾತ್ರ ಬೇಸಗೆಯ ಬಿಸಿಯನ್ನು ಬಿಟ್ಟಿರುವುದಿಲ್ಲ. ಗ್ರಾಸ್‌ನ ಸುತ್ತ ಮುಂಜಾವಿನಲ್ಲಿ ಮಲ್ಲಿಗೆ ಬಿಡಿಸುವ ಕಾಲವೂ ಅದೇ. ಅದು ಬೇರೆ ಯಾವ ಹೂವೂ ಅಲ್ಲ, ನಮ್ಮ ಜಾಜಿಯೇ. ಅಲ್ಲಿ ಅದನ್ನು ಮುಡಿಯುವವರಿಲ್ಲ, ತೂಕ ಹಾಕಿ ಅತ್ತರಿಗೆ ಕೊಡುತ್ತಾರೆ ಎಂಬುದಷ್ಟೆ ವ್ಯತ್ಯಾಸ.

ಊಟದ ಚಿಂತೆಯವರಿಗೆ ಎರಡು ಮಾತು. ನೀಸಿನ ಹಳೆಯ ಪೇಟೆಯಲ್ಲಿ ‘ಸೋಕ’ ಎಂಬ ತಿಂಡಿ ಸಿಗುತ್ತದೆ: ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆಯ ಒಲೆಯಲ್ಲಿ ಬೇಯಿಸಿದ್ದು. ಮೊಟ್ಟೆಯಿಲ್ಲ, ಮೆಣಸಿನ ಪುಡಿ ಉದುರಿಸಿ ಬಿಸಿಯಾಗಿ ತಿನ್ನಬೇಕು. ಆದರೆ ‘ನೀಸ್ ಸಲಾಡ್’ ಎಂದು ಹೆಸರು ನೋಡಿ ಸೊಪ್ಪು ತರಕಾರಿಯೆಂದು ತರಿಸಬೇಡಿ, ಅದರಲ್ಲಿ ಮೀನು ಇರುತ್ತದೆ. ಈರುಳ್ಳಿಯ ರೊಟ್ಟಿಯ ಮೇಲೂ ಸಣ್ಣ ಮೀನು ಇಟ್ಟಿರುತ್ತಾರೆ.

ನೀಸಿನ ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಮೊಣಕಾಲು ನೋವಿನವರು ಗಟ್ಟಿ ಚಪ್ಪಲಿ ಒಯ್ಯಬೇಕು, ಮಕ್ಕಳ ಮರಳಾಟಕ್ಕೆ ಆಂತೀಬ್ ಅಥವಾ ಕಾನ್ ಸರಿ. ಊರಿಂದೂರಿಗೆ ಟ್ಯಾಕ್ಸಿ ಬೇಡ, ಕಡಲಿನ ಅಂಚಿನಲ್ಲೇ ಲೋಕಲ್ ರೈಲು ಓಡುತ್ತದೆ. ನೀಸಿನಿಂದ ಮಾಂತೋಂಗೆ ಹೊರಟಾಗ ಬಲಗಡೆಯ ಕಿಟಕಿ ಹಿಡಿಯಿರಿ.