ಎರೆಸೀಮೆಯ ಪಾಯಖಾನೆ

ಹೆಸರೆತ್ತಿದರೆ ಮೂಗು ಮುರಿಯುವಂಥ ವಿಷಯವೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಒಲೆ ಹೊಗೆಯಾಡಿದರೆ ನೆರೆಮನೆಯವರನ್ನು ಕೇಳುತ್ತೇವೆ. ಎತ್ತು ಮೇವು ಬಿಟ್ಟರೆ ಊರಿಗೆಲ್ಲ ಹೇಳುತ್ತೇವೆ. ಪಾಯಖಾನೆ ಕೆಟ್ಟರೆ ಮಾತ್ರ ಬಾಗಿಲು ಮುಂದೆ ಮಾಡಿ ಸುಮ್ಮನಾಗುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ, 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಕಾಲಕ್ಕೆ ಹಿತ್ತಲು ಹಿತ್ತಲಿಗೆ ಒಂದೊಂದು ಸಣ್ಣ ಕೋಣೆ ಎದ್ದಿತು. ಅವುಗಳಲ್ಲಿ ಕೆಲವದರಲ್ಲಿ ಈಗ ಕಟ್ಟಿಗೆ, ಕುಳ್ಳು ತುಂಬಿರುವುದನ್ನು ನೀವೂ ಕಂಡಿರಬಹುದು. ಆ ಮನೆಯ ಹೆಣ್ಣುಮಕ್ಕಳು ಮತ್ತೆ ನಸುಕಿನಲ್ಲೆದ್ದು ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಾರೆ. ಯಾಕೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: "ನೀರಿಲ್ರಿ", ಇಲ್ಲವೆ "ಗುಂಡಿ ತುಂಬತೈತ್ರಿ."

ಮೊದಲು ನೀರಿನ ಮಾತು. ಪಟ್ಟಣದ ಚಪ್ಪಟೆ ಬೇಸಿನ್ನು ಒಂದು ಸಲಕ್ಕೆ ಹತ್ತು ಲೀಟರಿನಷ್ಟು ನೀರು ಕುಡಿಯುತ್ತದೆ. ಹಳ್ಳಿಗಾಗಿ ಮಾಡಿದ ಬೇಸಿನ್ನಿನ ಜಾತಿಯೇ ಬೇರೆ. ಅದರ ಒಳಮೈ 25ರಿಂದ 28 ಡಿಗ್ರಿಯಷ್ಟು ಕಡಿದಾದ ಇಳಿಜಾರು. ಕೆಳಗೆ ಹಂಸದ ಕೊರಳಿನಂತೆ ಬಾಗಿದ ಟ್ರ್ಯಾಪಿನಲ್ಲಿ ನಿಲ್ಲುವ ನೀರು ಕೇವಲ 20 ಮಿಲಿಮೀಟರ್, ಎಂದರೆ ಹೆಬ್ಬೆರಳಿನ ಅಗಲ. ದುರ್ವಾಸನೆಯನ್ನೂ ನೊಣವನ್ನೂ ತಡೆಯಲು ಅಷ್ಟು ನೀರು ಸಾಕು. ಒಂದೂವರೆಯಿಂದ ಎರಡು ಲೀಟರ್ ನೀರನ್ನು ಒಮ್ಮೆಲೇ ಜೋರಾಗಿ ಹೊಯ್ದರೆ ಎಲ್ಲವೂ ಕೊಚ್ಚಿ ಹೋಗುತ್ತದೆ. ಐದು ಜನರ ಮನೆಗೆ ದಿನಕ್ಕೆ ಒಂದೆರಡು ಕೊಡ. ಬಟ್ಟೆ ಜಾಲಿಸಿದ ನೀರಾದರೂ ನಡೆದೀತು. ಇಲ್ಲಿ ಒಂದು ಉಪಾಯವಿದೆ: ಕೂಡುವ ಮುನ್ನ ಅರ್ಧ ತಂಬಿಗೆ ನೀರಿನಿಂದ ಬೇಸಿನ್ನಿನ ಮೈ ತೋಯಿಸಿರಿ. ಒಣಮೈಗೆ ಹೊಲಸು ಅಂಟುತ್ತದೆ, ಹಸಿಮೈಗೆ ಅಂಟುವುದಿಲ್ಲ.

ಇನ್ನು ಗುಂಡಿ ತುಂಬುವ ಅಂಜಿಕೆ. ಇದನ್ನು ನಮ್ಮ ಹಳೆಯ ಹಗೇವಿನ ಲೆಕ್ಕದಲ್ಲಿ ನೋಡಿದರೆ ತಪ್ಪಾಗುತ್ತದೆ. ಹಗೇವಿಗೆ ಹಾಕಿದ ಜೋಳ ಹಾಕಿದಷ್ಟೇ ಇರುತ್ತದೆ. ಪಾಯಖಾನೆಯ ಗುಂಡಿಯಲ್ಲಿ ಹಾಗಲ್ಲ. ಅದರ ತಳ ತೆರೆದಿರುತ್ತದೆ, ಗೋಡೆಯಲ್ಲಿ ಸಂದುಗಳಿರುತ್ತವೆ. ನೀರೂ ಗಾಳಿಯೂ ಮಣ್ಣಿಗೆ ಸೇರುತ್ತವೆ. ಉಳಿದದ್ದನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಜೀರ್ಣಿಸುತ್ತವೆ. ಒಬ್ಬ ಮನುಷ್ಯನಿಂದ ಇಡೀ ವರ್ಷಕ್ಕೆ ಉಳಿಯುವುದು ಸುಮಾರು 40 ಲೀಟರ್, ಎಂದರೆ ಮೂರು ಕೊಡದಷ್ಟು. ಒಂದು ಮೀಟರ್ ಅಗಲ, ಅಷ್ಟೇ ಆಳದ ಗುಂಡಿ ಐವರ ಮನೆಗೆ ಮೂರು ವರ್ಷ ಬಾಳುವುದು ಹೀಗೆ. ಅದು ತುಂಬಿದಾಗ ಪಕ್ಕದಲ್ಲಿ ಎರಡನೆಯದು ಸಿದ್ಧವಿರಬೇಕು. ಎರಡಕ್ಕೂ ನಡುವೆ ಸಣ್ಣದೊಂದು ಚೇಂಬರ್; ಅದರಲ್ಲಿ ಒಂದು ದಾರಿ ತೆರೆದಿರಬೇಕು, ಇನ್ನೊಂದನ್ನು ಇಟ್ಟಿಗೆ ಮಣ್ಣಿನಿಂದ ಮುಚ್ಚಿರಬೇಕು. ಬೇಗ ತುಂಬದಿರಲೆಂದು ಎರಡನ್ನೂ ತೆರೆದಿಡುವುದೇ ದೊಡ್ಡ ತಪ್ಪು. ಆಗ ಎರಡೂ ಕೂಡಿಯೇ ತುಂಬುತ್ತವೆ, ಯಾವುದಕ್ಕೂ ವಿಶ್ರಾಂತಿ ಸಿಕ್ಕುವುದಿಲ್ಲ. ನಿಮ್ಮ ಮನೆಯ ಚೇಂಬರಿನ ಮುಚ್ಚಳವನ್ನು ಇಂದೇ ಎತ್ತಿ ನೋಡಿರಿ.

ಕೆಲವರು ಹತ್ತು ಹದಿನೈದು ಅಡಿ ತೋಡಿಸಿ, "ನಮ್ಮದು ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ" ಎಂದು ಹೆಮ್ಮೆಪಡುತ್ತಾರೆ. ಈ ಹೆಮ್ಮೆ ನನಗೆ ಹಿಡಿಸದು. ಗುಂಡಿ ಆಳವಾದಷ್ಟೂ ಅದರ ಹೊಲಸು ಅಂತರ್ಜಲಕ್ಕೆ ಹತ್ತಿರವಾಗುತ್ತದೆ. ಅದೇ ನೀರನ್ನು ಬೋರಿನಿಂದ ಎತ್ತಿ ಮೊಮ್ಮಕ್ಕಳು ಕುಡಿಯಬೇಕು. ಬಾವಿಗೂ ಗುಂಡಿಗೂ ಹತ್ತು ಮೀಟರ್ ಆದರೂ ಅಂತರವಿರಲಿ. ಮುದ್ದೇಬಿಹಾಳ, ತಾಳಿಕೋಟೆಗಳ ಕಡೆ ಸುಣ್ಣಗಲ್ಲಿನ ಪದರು ಮೇಲೆಯೇ ಹತ್ತಿದಲ್ಲಿ ಇನ್ನೂ ಎಚ್ಚರ ಬೇಕು. ಬಂಡೆಯ ಬಿರುಕಿನಲ್ಲಿ ಹೊಲಸು ನೀರು ಸೋಸದೆ ಬಹುದೂರ ಓಡುತ್ತದೆ. ಕಾಲುವೆ ನೀರು ಬಂದು ನೆಲ ಜವುಗಾದ ಕಡೆಯಲ್ಲಂತೂ ಗುಂಡಿ ತಗ್ಗಾಗಿರದೆ ಮೇಲೆದ್ದಿರಬೇಕು.

ನಮ್ಮ ಎರೆಮಣ್ಣಿನ ಸ್ವಭಾವ ನಿಮಗೆ ತಿಳಿದದ್ದೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಬಿಗಿದಾಗ ನೀರು ಹಿಂಗದು. ಗುಂಡಿಯ ಗೋಡೆಯನ್ನೂ ಒಳಕ್ಕೆ ತಳ್ಳುತ್ತದೆ. ಶ್ರಾವಣದಲ್ಲಿ ಬೇಸಿನ್ನಿನಲ್ಲಿ ನೀರು ನಿಂತಿತೆಂದರೆ ಜನ ಗೌಂಡಿಯನ್ನು ಬೈಯುತ್ತಾರೆ. ಅರ್ಧ ತಪ್ಪು ಮಣ್ಣಿನದು. ಉಪಾಯ ಕಷ್ಟದ್ದೇನಲ್ಲ. ಗುಂಡಿಯನ್ನು ಒಂದಡಿ ಹೆಚ್ಚು ಅಗಲವಾಗಿ ತೋಡಿ, ಗೋಡೆಯ ಹೊರಸುತ್ತಿಗೂ ಮರಳು, ಕಡಿ, ಇಟ್ಟಿಗೆಚೂರು ತುಂಬಿಸಬೇಕು. ಮಣ್ಣಿನ ಉಬ್ಬರವನ್ನು ಮರಳು ತಾಳಿಕೊಳ್ಳುತ್ತದೆ, ನೀರಿಗೂ ಜಾಗ ಸಿಕ್ಕುತ್ತದೆ. ಜಳಕದ ನೀರನ್ನು ಈ ಗುಂಡಿಗೆ ಬಿಡಲೇಬಾರದು.

ತೊಳೆಯುವ ಬಗ್ಗೆ ಒಂದೆರಡು ಮಾತು. ಡೋಣಿ ಹೊಳೆಯ ನೀರಿನ ಉಪ್ಪು ಹೆಸರಾದದ್ದು. ಇಲ್ಲಿಯ ಬೋರುಗಳ ನೀರೂ ಬಹಳ ಕಡೆ ಗಡಸು. ಅದು ಬೇಸಿನ್ನಿನ ಮೇಲೆ ಹಳದಿ ಹೊಪ್ಪಳಿಕೆ ಕಟ್ಟುತ್ತದೆ, ವಾಸನೆ ಹಿಡಿಯುವುದು ಅಲ್ಲಿಯೇ. ಕೂಡಲೇ ಆ್ಯಸಿಡ್ ಸೀಸೆ ತರಬೇಡಿರಿ. ಆ್ಯಸಿಡ್ಡೂ ಫಿನಾಯಿಲೂ ಗುಂಡಿಗೆ ಇಳಿದರೆ, ನಿಮಗಾಗಿ ದುಡಿಯುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಅವು ಸತ್ತರೆ ಗುಂಡಿ ನಿಜಕ್ಕೂ ಹಗೇವಾಗುತ್ತದೆ! ರಾತ್ರಿ ಹುಣಸೆಹಣ್ಣಿನ ಗಟ್ಟಿ ರಸ ಬಳಿದು, ಬೆಳಿಗ್ಗೆ ಉದ್ದ ಹಿಡಿಯ ಬ್ರಷ್ಷಿನಿಂದ ತಿಕ್ಕಿರಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಹೊಪ್ಪಳಿಕೆ ಬಲಿಯುವುದೇ ಇಲ್ಲ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಕೂಡಿಸಿ ಹಾಕಿದರೆ ವಿಷಗಾಳಿ ಏಳುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಅದು ಜೀವಕ್ಕೇ ಎರವಾದೀತು.

ಸಮುದ್ರದಲ್ಲಿ ಸಣ್ಣ ದೋಣಿಗಳನ್ನು ನಡೆಸುವವರಿಗೂ ಪಾಯಖಾನೆಯ ಚಿಂತೆ ತಪ್ಪಿದ್ದಲ್ಲ. ಅಲ್ಲಿ ಸುತ್ತಲೂ ನೀರೇ, ಆದರೆ ಕೊಳವೆ ಕಿರಿದು. ತಿಂದು ಬಂದದ್ದರ ಹೊರತು ಬೇರೆ ಏನನ್ನೂ ಒಳಗೆ ಹಾಕಕೂಡದೆಂಬುದು ಅವರ ಕಟ್ಟಳೆ. ನೀರಿಲ್ಲದ ನಮಗೂ ಅದೇ ಸಲ್ಲುತ್ತದೆ. ಬಟ್ಟೆ, ಕೂದಲು, ಗುಟ್ಕಾ ಚೀಟಿ, ಒಲೆಯ ಬೂದಿ ಯಾವುದೂ ಬೇಡ. ಟ್ರ್ಯಾಪ್ ಕಟ್ಟಿಕೊಂಡರೆ ಬಾಗುವ ಬಿದಿರುಸೀಳಿನಿಂದ ಮೆಲ್ಲಗೆ ನೂಕಿ ಬಿಡಿಸಿರಿ. ಕಬ್ಬಿಣದ ಸಲಾಕೆಯಿಂದ ತಿವಿದರೆ ಒಡೆಯುತ್ತದೆ.

ಕೊನೆಗೆ ಬರುವುದು ಗುಂಡಿ ಬರಿದುಮಾಡುವ ಕೆಲಸ. ತುಂಬಿದ ಗುಂಡಿಯನ್ನು ಮುಚ್ಚಿ ಒಂದೂವರೆ ಎರಡು ವರ್ಷ ಬಿಟ್ಟರೆ, ಒಳಗಿನದು ವಾಸನೆಯಿಲ್ಲದ ಉದುರು ಗೊಬ್ಬರವಾಗುತ್ತದೆ. ಅದನ್ನು ಮನೆಯವರೇ ಸಲಿಕೆಯಿಂದ ಎತ್ತಿ ಹೊಲಕ್ಕೆ ಹಾಕಬಹುದು. ಎರಡು ಗುಂಡಿಯ ಪದ್ಧತಿಯ ಹಿರಿಮೆ ಇರುವುದು ಇಲ್ಲಿ: ಹಸಿ ಮಲವನ್ನು ಯಾವ ಮನುಷ್ಯನೂ ಮುಟ್ಟಬೇಕಾಗಿಲ್ಲ. ತಲೆಯ ಮೇಲೆ ಮಲ ಹೊರಿಸುವುದನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 2013ರ ಕೇಂದ್ರ ಕಾಯಿದೆ ಆ ದುಡಿಮೆಗೆ ಜನರನ್ನು ಹಚ್ಚುವುದನ್ನೇ ಅಪರಾಧವೆಂದಿತು. ಒಂದೇ ಗುಂಡಿ ಇದ್ದು ಅದು ತುಂಬಿದಾಗ, ಇಲ್ಲವೆ ಸೆಪ್ಟಿಕ್ ಟ್ಯಾಂಕು ಉಕ್ಕಿದಾಗ, ನಾಲ್ಕು ಕಾಸು ಕೊಟ್ಟು ಯಾರನ್ನೋ ಒಳಗಿಳಿಸುವ ಯೋಚನೆ ಬರುತ್ತದೆ. ಹಾಗೆ ಇಳಿದವರು ಒಳಗಿನ ಗಾಳಿಗೆ ಸಿಕ್ಕಿ ಸತ್ತದ್ದುಂಟು. ಅವರನ್ನೆತ್ತಲು ಇಳಿದವರೂ ಸತ್ತದ್ದುಂಟು. ಟ್ಯಾಂಕಿದ್ದರೆ ಯಂತ್ರದ ಬಂಡಿಯನ್ನೇ ತರಿಸಿರಿ. ಒಂದೇ ಗುಂಡಿ ಇದ್ದರೆ, ಅದು ತುಂಬುವ ಮೊದಲೇ ಪಕ್ಕದಲ್ಲಿ ಇನ್ನೊಂದನ್ನು ತೋಡಿಸಿ ಚೇಂಬರ್ ಕೂಡಿಸಿರಿ.

ಎರಡು ಗುಂಡಿ ಇದ್ದವರು ದಾರಿ ತಿರುಗಿಸಿದ ದಿನ ಮುಚ್ಚಿದ ಗುಂಡಿಯ ಕಲ್ಲಿನ ಮೇಲೆ ತಾರೀಖನ್ನು ಬಣ್ಣದಿಂದ ಬರೆದಿಡಿರಿ. ಎರಡು ವರ್ಷದ ಹಿಂದಿನ ದಿನ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.